ಎಪ್ಪತ್ತರ ಪುಟ

ಹವೆಯ ಕೈಪಿಡಿಯಲ್ಲಿ ಪ್ರತಿ ಆಕಾಶಕ್ಕೂ ಒಂದು ಅಂಕೆ.
ಎರಡು ಎಂದರೆ ಬದಲಾವಣೆ ಇಲ್ಲ. ಮೂರು, ಮೋಡ ಕಟ್ಟುತ್ತಿದೆ.
ಹದಿಮೂರು: ಮಿಂಚು ಕಂಡಿತು, ಗುಡುಗು ಕೇಳಲಿಲ್ಲ.
ನಲವತ್ತೈದಕ್ಕೆ ದೇವಗಡದ ದೀಪಸ್ತಂಭವೂ ಕಾಣದು.
ಅರವತ್ತರ ಮನೆ ಪೂರ್ತಿ ಮಳೆಯದು,
ಬೆರಳು ತಾಗಿ ತಾಗಿ ಆ ಪುಟದ ಅಂಚು ಕರಿಗಟ್ಟಿದೆ.
ಎಪ್ಪತ್ತರಿಂದ ಎಪ್ಪತ್ತೊಂಬತ್ತು ಹಿಮ.
ಆ ಪುಟ ಅಚ್ಚಿನಮನೆಯಿಂದ ಬಂದ ಹಾಗೇ ಇದೆ.

ಕಾರವಾರದಲ್ಲಿ ಇದು ನನ್ನ ಹನ್ನೊಂದನೇ ಮಾಗಿ.
ಬೆಳಿಗ್ಗೆ ಎಂಟೂವರೆಗೆ ಬಿಳಿ ಜಾಲರಿ ಪೆಟ್ಟಿಗೆಯ ಬಾಗಿಲು ತೆಗೆದು
ಒಣ ಬುರುಡೆ, ಒದ್ದೆ ಬುರುಡೆ ಓದುತ್ತೇನೆ
ಉಸಿರು ಬಿಗಿಹಿಡಿದು. ನನ್ನ ಬಿಸಿ ಅದಕ್ಕೆ ತಾಗಬಾರದು.
ಮೂಡಗಾಳಿ, ಇದ್ದೂ ಇಲ್ಲದಷ್ಟು.
ಕಾಳಿಯ ಮೇಲೆ ಮಂಜು, ಸೇತುವೆಯ ಕಂಬಗಳಿಗೆ ಕಾಲಿಲ್ಲ.
ಹತ್ತಕ್ಕೆ ಎಲ್ಲ ಬರಿದು. ಮಧ್ಯಾಹ್ನ ಪಡುಗಾಳಿ.
ನಿನ್ನೆಯಂತೆ ಇಂದು, ಇಂದಿನಂತೆ ನಾಳೆ:
ಮಾಗಿಯ ಮುನ್ಸೂಚನೆ ಮುಕ್ಕಾಲು ಪಾಲು ನಕಲು.

ಉಳಿದ ಕಾಲು ಪಾಲಿಗೆ ನನಗೆ ಸಂಬಳ.

ಹೋದ ವರ್ಷ ಮಾರ್ಗಶಿರದಲ್ಲಿ ಲಕ್ಷದ್ವೀಪದ ಆಚೆ
ಕಡಲು ತನ್ನಷ್ಟಕ್ಕೆ ಸುತ್ತತೊಡಗಿತು.
ಪಾದರಸ ಎರಡು ಗೆರೆ ಇಳಿಯಿತು, ಆಮೇಲೆ ಮೂರು.
ಬೈತಖೋಲದ ಕಂಬಕ್ಕೆ ಸಂಕೇತ ಏರಿಸಿ ಎಂದೆ.
ನಾಲ್ಕು ದಿನ ದೋಣಿಗಳು ದಡದಲ್ಲಿ ಮಲಗಿದವು,
ನಾಲ್ಕು ದಿನವೂ ಆಕಾಶ ತೊಳೆದಿಟ್ಟ ಬಟ್ಟಲು.
ಸುತ್ತಿದ್ದು ಅಲ್ಲೇ ಸುತ್ತಿ, ಪಡುವಣಕ್ಕೆ ಸರಿದು ಕರಗಿತು.
ಪುರ್ಸು ತಾಂಡೇಲ ಕಚೇರಿಯ ಮೆಟ್ಟಿಲವರೆಗೆ ಬಂದ.
ಬೈಯಲಿಲ್ಲ. ಖಾಲಿ ಬುಟ್ಟಿಯೊಂದನ್ನು ಇಟ್ಟ.
"ಇದ್ರಾಗೆ ನಿಮ್ಮ ಗಾಳಿ ತುಂಬಿಡಿ ಅಕ್ಕೋರೆ,
ಬಂಗಡೆ ಬದಲು ಅದನ್ನೇ ಮಾರ್ತೆ."

ಈ ವರ್ಷ ಮೋಡ ಬಲು ಎತ್ತರದಲ್ಲಿ, ಬಾಚಣಿಗೆಗೆ ಸಿಕ್ಕ ಕೂದಲಿನಷ್ಟೇ.
ನಕ್ಷೆಯಲ್ಲಿ ಏನಿಲ್ಲ. ಪಾದರಸ ಗಟ್ಟಿ.
ಬುಟ್ಟಿ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.
ಅದನ್ನೊಮ್ಮೆ ನೋಡಿ, ಒಣಹವೆ ಎಂದು ಬರೆದೆ.
ರಾತ್ರಿ ಎರಡಕ್ಕೆ ಹೆಂಚಿನ ಮೇಲೆ ಕಾಲು ತಾಸು ಮಳೆ.
ಒಂಬತ್ತು ಮಿಲಿಮೀಟರ್. ಜೂನಿನಲ್ಲಾದರೆ
ಯಾರೂ ಕೊಡೆ ಬಿಚ್ಚದ ಮಳೆ.
ಮರಳಲ್ಲಿ ಹರಡಿದ ಸೀಗಡಿಗೆ ಅಷ್ಟು ಸಾಕು.

ಮಾಜಾಳಿಗೆ ಹೋದೆ. ಹೋಗಬೇಕೆಂದು ಯಾರೂ ಹೇಳಿರಲಿಲ್ಲ.
ಸಾವಂತ್ರಿ ಹರಿಕಂತ್ರ ಕೆಟ್ಟದ್ದನ್ನು ಕಾಗೆಗೆ ಬಿಟ್ಟು
ಉಳಿದದ್ದನ್ನು ಅಂಗೈಯಲ್ಲಿ ಮಗುಚುತ್ತಿದ್ದಳು.
"ರೇಡಿಯೋ ಕೇಳಿ ತಾಡಪಾಲು ಹಾಕ್ಲಿಲ್ಲ" ಎಂದಳು.
ಸ್ವಲ್ಪ ಹೊತ್ತು ಬಿಟ್ಟು, ತಾನಾಗಿಯೇ:
"ನನ್ನ ಮೊಣಕಾಲೂ ಹೇಳಿರ್ಲಿಲ್ಲ ಬಿಡಿ."

ಸಂಜೆ ಅರ್ಗಾದಿಂದ ವರದಿ ಒಯ್ಯಲು ಬರುವ
ನೌಕಾಪಡೆಯ ಹುಡುಗ ರಿಗ್ಜಿನ್, ಲಾಹೌಲಿನವನು.
ಕಾಯುತ್ತ ಕೈಪಿಡಿ ತಿರುವಿ ಎಪ್ಪತ್ತರ ಪುಟದಲ್ಲಿ ನಿಂತ.
ಊರಿನ ಬಸ್ಸಿನ ಬೋರ್ಡು ಕಂಡವನ ಮುಖ.
ಇದು ಬರೇ ಪುಡಿ, ಎಂದ. ಇದು ರಾತ್ರಿಯಿಡೀ ಬೀಳುವುದು.
ಎಪ್ಪತ್ತಾರರ ಮೇಲೆ ಬೆರಳಿಟ್ಟ:
ಇದು ಬೀಳುವುದೇ ಇಲ್ಲ, ಬಿಸಿಲಲ್ಲಿ ಹೊಳೆಯುತ್ತ ತೇಲುತ್ತದೆ.
ಅಜ್ಜಿಗೆ ಹಿಮದ ವಾಸನೆ ಹಿಂದಿನ ದಿನವೇ ಸಿಗುತ್ತಿತ್ತಂತೆ.
ತಪ್ಪುತ್ತಿರಲಿಲ್ಲವೇ? ಕೇಳಿದೆ.
ತಪ್ಪುತ್ತಿತ್ತು. ಒಂದು ಸಲ ಕಣಿವೆಯಲ್ಲಿ
ಕುರಿಗಳ ಜೊತೆ ಮಾವ ಇದ್ದ.
ಅಷ್ಟೇ ಹೇಳಿ ಪುಸ್ತಕ ಮುಚ್ಚಿದ.
ಮರುದಿನದಿಂದ ಅಜ್ಜಿ ಮತ್ತೆ ಬಾಗಿಲಲ್ಲಿ ನಿಂತು
ಮೂಗು ಎತ್ತುತ್ತಿದ್ದಳು; ಬೇರೆ ಯಾರು ಎತ್ತಬೇಕು?

ಅವನು ಹೋದ ಮೇಲೆ ತೆರೆದು ನೋಡಿದೆ.
ಬಿಳಿ ಪುಟದ ಅಂಚಿಗೆ ಎಣ್ಣೆಗೈಯ ಒಂದು ಹೆಬ್ಬೆಟ್ಟು.

ಐದೂವರೆ. ಕೂರ್ಮಗಡದ ನೆತ್ತಿಯಲ್ಲಿ
ಅಂಗೈಯಗಲದ ಮೋಡ, ನಿಂತಿದೆಯೋ ಬೆಳೆಯುತ್ತಿದೆಯೋ.
ಎರಡೋ, ಮೂರೋ.
ನಾಳೆ ಬಹುಮಟ್ಟಿಗೆ ಒಣಹವೆ, ಎಂದು ಶಾಯಿಯಲ್ಲಿ ಬರೆದೆ.
ಕೆಳಗೆ ಪೆನ್ಸಿಲಿನಲ್ಲಿ, ಮೇಲಿನವರು ಅಳಿಸುವ ಸಾಲು:
ತಾಡಪಾಲು ಕೈಗೆ ಸಿಗುವ ಹಾಗಿರಲಿ.