ಚಕ್ಕೋತದಿಂದ ಹೇರಳೆಗೆ

ಸಾಲಗಾಮೆ ರಸ್ತೆಯ ಛತ್ರದಲ್ಲಿ
ಕಟ್ಟಡ ಅಧಿಕಾರಿಗಳ ಸಂಘದ ವಾರ್ಷಿಕ ಸಭೆ.
ಹಿಂದಿನ ದಿನದ ಮದುವೆಯ ಥರ್ಮೊಕೋಲು ಹೆಸರು
ಗೋಡೆಯಿಂದ ಇನ್ನೂ ಕಿತ್ತಿರಲಿಲ್ಲ.
ವಧುವಿನ ಹೆಸರಿನ ಕೆಳಗೆ ನಿಂತು ಕಾರ್ಯದರ್ಶಿ ಓದಿದರು:
ತಿದ್ದುಪಡಿ ಹದಿನೇಳು, ಉಪಖಂಡ ಇ.
ಬಾಲ್ಕನಿಯ ಕಂಬಿ ಕಂಬಿಗಳ ನಡುವೆ
ಇನ್ನು ಮೇಲೆ ಆರಿಂಚಲ್ಲ, ನಾಲ್ಕು.

ನಾನು ಹೊಸಬಳು, ಬರೆದುಕೊಂಡೆ.
ಪಕ್ಕದ ಸಿಂಗ್ರಾಚಾರ್ ಬರೆಯಲಿಲ್ಲ.
ಚೀಲಕ್ಕೆ ಕೈಹಾಕಿ ಒಂದು ಚಕ್ಕೋತ ತೆಗೆದು
ನನ್ನ ಫೈಲಿನ ಮೇಲಿಟ್ಟರು.
'ಇದು ರಿಟೈರಾಯ್ತು ಕಣಮ್ಮ,
ನನಗಿಂತ ಐದು ತಿಂಗಳು ಮೊದಲೇ.'

ಇಪ್ಪತ್ತಾರು ವರ್ಷ ಅವರು ಟೇಪು ನಂಬಿದವರಲ್ಲ.
ಟೇಪು ಹಿಡಿದವನ ಮಾತು ಕೇಳುತ್ತೆ,
ಕಂಟ್ರಾಕ್ಟರು ಕಾಫಿ ತರಿಸಿದರೆ ಅರ್ಧ ಇಂಚು ಸಡಿಲ.
ಹಣ್ಣಿಗೆ ಆ ದಾಕ್ಷಿಣ್ಯವಿಲ್ಲ.
ತೂರಿದರೆ ತೂರಿತು.

ಚರ್ಚೆ ಶುರುವಾಯಿತು.
ಅರಸೀಕೆರೆಯವರು ಅಂದರು, ಕಂಬಿ ಹೆಚ್ಚಾದರೆ ಖರ್ಚು ಹೆಚ್ಚು,
ಬೈಸಿಕೊಳ್ಳೋರು ನಾವು.
ಕಡೂರಿನವರಿಗೆ ಲಿಫ್ಟಿನದೇ ಚಿಂತೆ.
ಇನ್ನೊಬ್ಬರು, ಇಂಚೋ ಮಿಲಿಮೀಟರೋ ಮೊದಲು ಅದು ಇತ್ಯರ್ಥವಾಗಲಿ ಅಂದರು;
ಮುಕ್ಕಾಲು ಗಂಟೆ ಮಿಲಿಮೀಟರಿನಲ್ಲೇ ಕಳೆಯಿತು.

ಸಿಂಗ್ರಾಚಾರ್ ಎದ್ದರು.
'ಹಳೇ ಮನೆಗಳು?'
'ಅವಕ್ಕೆ ಅನ್ವಯಿಸೋದಿಲ್ಲ.'
'ಹಳೇ ಮನೇಲಿ ಹುಟ್ಟೋ ಮಗೂ ತಲೆ
ಹಳೇ ಅಳತೇಲೇ ಇರುತ್ತಾ ಸಾರ್?'

ಸಭೆ ನಕ್ಕಿತು.
ನಕ್ಕು, ಊಟಕ್ಕೆ ಎದ್ದಿತು.
ನಡಾವಳಿಯಲ್ಲಿ ಒಂದೇ ಪದ: ಚರ್ಚಿಸಲಾಯಿತು.

ಮಾರನೇ ದಿನ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಇಬ್ಬರೂ ಸ್ಕೇಲು ಹಿಡಿದು ಹೇರಳೆಕಾಯಿ ಆರಿಸಿದೆವು.
'ಉಪ್ಪಿನಕಾಯಿಗೆ ಇಷ್ಟೊಂದು ಲೆಕ್ಕಾನಾ ಸ್ವಾಮಿ?'
ಮಾರುವವಳು ಸೆರಗು ಕಚ್ಚಿ ನಕ್ಕಳು.
ಸರಿಯಾಗಿ ನಾಲ್ಕಿಂಚಿನದು ಸಿಕ್ಕಿದ್ದು
ರಾಶಿಯ ತಳದಲ್ಲಿ, ಒಂದು ಬದಿ ತುಸು ಹಸಿರು.

ಅಲ್ಲಿಂದ ಪೆನ್ಷನ್ ಮೊಹಲ್ಲಾ.
ಹಫೀಜಾಬಿಯವರ ಮನೆ, ಮೊದಲ ಮಹಡಿ,
ನಕ್ಷೆಯ ಮೂಲೆಯಲ್ಲಿ ಸಿಂಗ್ರಾಚಾರರದೇ ಸಹಿ,
ಮಸಿ ನೇರಳೆಯಾಗಿತ್ತು.
ಮೊಮ್ಮಗಳು ಕಂಬಿ ಹಿಡಿದು ನಿಲ್ಲಲು ಕಲಿತು ಒಂದು ವಾರ.
ಅವರು ಮಾತಾಡಲಿಲ್ಲ. ಹೇರಳೆಯನ್ನು
ಕಂಬಿಗಳ ನಡುವೆ ಇಟ್ಟು ಬೆರಳಿನಿಂದ ಮೆಲ್ಲಗೆ ನೂಕಿದರು.

ಹೋಯಿತು.

ಕೆಳಗಿನ ಚಪ್ಪಡಿಗೆ ಬಿದ್ದ ಸದ್ದು
ಮೇಲೆ ಬರಲು ಬಹಳ ಹೊತ್ತು ಹಿಡಿಯಿತು ಅನ್ನಿಸಿತು.
ಮಟನ್ ಅಂಗಡಿಯ ಹುಡುಗ ಕತ್ತಿ ನಿಲ್ಲಿಸಿ ತಲೆಯೆತ್ತಿದ.

'ಸರಿಯಿದೆ ಅಂತ ನೀವೇ ಬರೆದಿದ್ರಲ್ಲ ಸಾಬ್?'
'ಹೂಂ. ಆಗ ಸರಿಯಿತ್ತು.'
'ಈಗ ಫೈನ್ ಕಟ್ಬೇಕಾ?'
'ಇಲ್ಲಮ್ಮ. ನಿಮ್ಮ ಮನೆಗೆ ಈ ಕಾನೂನೇ ಇಲ್ಲ.'
ಆಕೆ ಒಮ್ಮೆ ಕಂಬಿ ನೋಡಿದರು, ಒಮ್ಮೆ ಮಗು,
ಬಟ್ಟೆ ಒಣಹಾಕಿದ್ದ ನೈಲಾನ್ ಹಗ್ಗವನ್ನು
ಒದ್ದೆ ಬಟ್ಟೆ ಸಮೇತ ಬಿಚ್ಚತೊಡಗಿದರು.

ನಾವು ಮೂವರೂ ಹೆಣೆದೆವು.
ಗಂಟು ಹಾಕಲು ಸಿಂಗ್ರಾಚಾರರಿಗೆ ಬಾರದು;
ಮಗು ಅವರ ಕನ್ನಡಕ ಕಿತ್ತುಕೊಂಡಿತ್ತು.
ಒಡೆದ ಹೇರಳೆಯನ್ನು ಹುಡುಗ ತಂದುಕೊಟ್ಟ,
ತೊಳೆದು ಆಕೆ ಉಪ್ಪಿಗೆ ಹಾಕಿದರು.
ಹಾಗೆ ಆ ಬೀದಿಯಲ್ಲಿ ಹನ್ನೊಂದು ಮನೆ, ಎಂಟು ಕಾಯಿ.
ಎರಡು ಮನೆಯವರು ಬಾಗಿಲೇ ತೆರೆಯಲಿಲ್ಲ.

ಈಗ ಅವರು ಕಚೇರಿಗೆ ಬರುವುದಿಲ್ಲ. ಚೀಲ ನನ್ನದು.
ವಾರಕ್ಕೊಮ್ಮೆ ಕಾಯಿ ಬದಲಿಸುತ್ತೇನೆ:
ಒಣಗಿ ಕುಗ್ಗಿದ ಕಾಯಿ ಸರಿಯಾದ ಕಂಬಿಯನ್ನೂ
ತಪ್ಪು ಅನ್ನುತ್ತದೆ, ಕೆಲವು ಅಧಿಕಾರಿಗಳ ಹಾಗೆ.
ಮುಂದಿನ ತಿದ್ದುಪಡಿಗೆ ಯಾವ ಹಣ್ಣೋ,
ಮೂಸಂಬಿಯೋ, ನಿಂಬೆಯೋ.
ನಕ್ಷೆಗಳಿಗೆ ಸಹಿ ಹಾಕುವಾಗ
ಬೆರಳಿಗೆ ಸಿಪ್ಪೆಯ ಎಣ್ಣೆ ಅಂಟಿರುತ್ತದೆ,
ಕಾಗದದ ಮೇಲೆ ಒಂದು ಸಣ್ಣ ಕಲೆ,
ಮೂಸಿದರೆ ಕಹಿ.