ಕಲ್ಲು ಒಯ್ಯಬಾರದು

ರಾತ್ರಿ ಎರಡೂವರಿಗೆ ಡೋಣಿ ಅಗಸಿ ಮುಂದ ಟೆಂಪೋ ನಿಂತಿತು.
ಇಳದವರು ಒಂಬತ್ತು ಮಂದಿ, ಎಲ್ಲಾರೂ ಹುಬ್ಬಳ್ಳಿಯವರ.

ನಾ ಮೊದಲ ಹೇಳೂದು ಮೂರು ಮಾತು:
ಬೀಡಿ ಹಚ್ಚಬ್ಯಾಡ್ರಿ, ಬಾದಿ ಹುಲ್ಲು ಒಣಗೇತಿ.
ನನ್ನ ದಾಟಿ ಮುಂದ ಹೋಗಬ್ಯಾಡ್ರಿ.
ಗುಡ್ಡದ ಕಲ್ಲು ಒಂದೂ ಒಯ್ಯಬ್ಯಾಡ್ರಿ.
ಮೂರಕ್ಕೂ ಹೂಂ ಅಂತಾರ.
ಎರಡನ್ನ ಮರೀತಾರ.

ಎರಡನೇ ತಿರುವಿನ್ಯಾಗ ಬ್ಯಾಟರಿ ಆರಿಸ್ರಿ ಅಂದೆ.
ಕತ್ತಲು ಮೊದಲಿಗೆ ಗ್ವಾಡಿಯಂಗ ನಿಂತಿತ್ತು,
ಆಮ್ಯಾಲ ಕಾಲಿಗೆ ದಾರಿ ತಾನ ಸಿಕ್ತು.
ಯಾರದೋ ಬಾಟ್ಲಿಯೊಳಗ ನೀರು ಗುಳುಗುಳು.
ಕೆಳಗ ಏನೋ ಊಳಿಟ್ಟಿತು.
ತೋಳ ಅಂತ ನಾ ಹೇಳಲಿಲ್ಲ.

ನನ್ನ ಹಿಂದ ಬೆಂಜಮಿನ್ ಸಾಹೇಬ್ರು. ಅರವತ್ತೆಂಟು.
ರೇಲ್ವೆ ವರ್ಕ್‌ಶಾಪಿನ ಭಟ್ಟಿ ಮುಂದ
ಮೂವತ್ತೊಂದು ವರ್ಷ ನಿಂತ ಮೊಣಕಾಲು
ಏರು ಬಂದಲ್ಲೆಲ್ಲಾ ಕಟ್ ಅಂತಿತ್ತು.
ರಿಟೈರ್ ಆದ ರೊಕ್ಕದಾಗ ಜಾವಾಕ್ಕ ಹೋಗಿದ್ದರಂತ,
ಖರೇ ಬೆಂಕಿಗುಡ್ಡ ನೋಡಾಕ.
"ಅಲ್ಲೂ ಹಿಂಗ, ಇದ ಹೊತ್ತಿಗೆ ಹೊಂಟಿದ್ವಿ, ಅವ್ವಾ.
ಮೂಗಿಗೆ ಹಸಿ ಅರಿವಿ. ಗಂಧಕದ ಘಾಟು,
ನೂರು ಪಟಾಕಿ ಒಮ್ಮೆಲೆ ಹಾರಿಸಿದಂಗ.
ಅಂಚಿಗೆ ನಿಂತು ಬಗ್ಗಿ ನೋಡಿದ್ರ
ಗುಡ್ಡ ಒಳಗ ಉಸಿರಾಡತಿತ್ತು.
ನನ್ನ ಭಟ್ಟಿ ನೆನಪಾತು. ಕಣ್ಣಾಗ ನೀರು ಬಂತು.
ಹೊಗೀಗೆ ಅಂತ ಹೇಳಿದೆ."

ಸ್ವಲ್ಪ ಹೊತ್ತು ನಡದು,
"ನಿಮ್ಮ ಗುಡ್ಡದಾಗ ಬೆಂಕಿ ಎಲ್ಲೈತಿ?"

ಮಾರ್ಚದಾಗ ಬರ್ರಿ, ಅಂದೆ.
ಯಾವನೋ ಕಡ್ಡಿ ಗೀರತಾನ,
ತಾಂಡೇದ ಹೆಂಗಸರು ನಾವು ಹಸಿ ಟೊಂಗಿ ಹಿಡದು
ಬಡದು ಬಡದು ಆರಸತೀವಿ. ಈ ಹುಬ್ಬು ಅರ್ಧ ಐತೆಲ್ಲ,
ಅದು ಎರಡು ವರ್ಷದ ಹಿಂದಿಂದು.
ಕತ್ತಲಾಗ ಅವರಿಗೆ ಹುಬ್ಬು ಕಂಡಿರಲಿಕ್ಕಿಲ್ಲ.

ಗಾಳಿ ಫ್ಯಾನಿನ ಕಂಬ ದಾಟಿದ ಮ್ಯಾಲ ಒಂದು ಬಂಡೆ ಐತಿ,
ದಿಂಬಿನ ಮ್ಯಾಲ ದಿಂಬು ಒಟ್ಟಿದಂಥಾದ್ದು.
ಧಾರವಾಡದಾಗ ಕಲ್ಲು ಓದತಿದ್ದ ನಸೀಮಾ,
ಹದಿನಾರು ದಿನ ನಮ್ಮ ಮನ್ಯಾಗ ರೊಟ್ಟಿ ಉಂಡಾಕಿ,
ತಿಳಿಸಿ ಹೇಳಿದ್ದಳು:
ಇದು ಸಮುದ್ರದ ತಳದಾಗ ಹೊರಗ ಬಂದ ಬೆಂಕಿ.
ನೀರು ಮುಟ್ಟಿದ ಕೂಡಲೆ ಉಂಡಿಗಟ್ಟಿ ಕುಂತಿತು.
ಎಷ್ಟು ವರ್ಷ ಆತವ್ವಾ? ಅಂದಿದ್ದೆ.
ನೆಲದ ಮ್ಯಾಲ ಬರದು ತೋರಿಸಿದಳು. ಬರೇ ಸೊನ್ನಿ.
ನನ್ನ ಮಗ ಎಣಿಸತ ಎಣಿಸತ ಮಲಗಿಬಿಟ್ಟ.

ಸಾಹೇಬ್ರು ಕೈಗವಸು ತಗದು ಬಂಡೆ ಮುಟ್ಟಿದರು,
ಕೂಸಿನ ಜ್ವರ ನೋಡೋ ಹಂಗ,
ಮೊದಲು ಅಂಗೈ, ಆಮ್ಯಾಲ ಹಿಂಗೈ.
ಏನೂ ಅನ್ನಲಿಲ್ಲ.

ಆರೂವರಿಗೆ ಡಂಬಳದ ಕೆರಿ ಕಡೆ ಹರೀತು.
ಮಂಜು ತಗ್ಗು ತುಂಬಿ ಅಂಚಿನ ತನಕ ಬಂದು ನಿಂತಿತ್ತು.
ಫ್ಯಾನಿನ ರೆಕ್ಕಿ ಮೊದಲು ಕೆಂಪಾದವು, ತುದಿಯಿಂದ,
ಆಮ್ಯಾಲ ಕಂಬ, ಆಮ್ಯಾಲ ಹುಲ್ಲು, ಆಮ್ಯಾಲ ನಾವು.
"ಇಷ್ಟ ಏನ್ರಿ?" ಅಂದ ಒಬ್ಬ ಹುಡುಗ, ಫೋನು ಎತ್ತಿ ಹಿಡದು.
ಇಷ್ಟ, ಅಂದೆ.
ನಾ ಬೆಳಗು ನೋಡೂದಿಲ್ಲ. ಆ ಹೊತ್ತಿಗೆ
ಮೂಡಲಕ್ಕ ಬೆನ್ನು ಕೊಟ್ಟು ಮಂದಿ ಎಣಿಸತೀನಿ.
ಕೆಂಪು ಮುಖ ಒಂಬತ್ತು. ಬರೊಬ್ಬರಿ.

"ಅಲ್ಲಿಯ ಗೈಡ್‌ನೂ ಹಂಗ," ಅಂದರು ಸಾಹೇಬ್ರು ಇಳಿಯುವಾಗ.
"ಬೆಂಕಿ ಕಡೆ ಒಮ್ಮಿನೂ ತಿರುಗಲಿಲ್ಲ.
ನಮ್ಮ ಕಾಲು ನೋಡತಿದ್ದ."
ಅವನ ಹೆಸರು ಕೇಳಿದೆ. ನೆನಪಿರಲಿಲ್ಲ.
ಮುಂದಿನ ತಿರುವಿನ್ಯಾಗ ನನ್ನ ಹೆಸರು ಕೇಳಿದರು.
ಲಾಲವ್ವ, ಅಂದೆ.

ಕೆಳಗ ಚೆಕ್‌ಪೋಸ್ಟಿನ್ಯಾಗ ಚೀಲ ಬಿಚ್ಚಿಸಿ ನೋಡೂದು ನನ್ನ ಕೆಲಸ.
ಸಾಹೇಬ್ರ ಚೀಲದಾಗ ಖಾಲಿ ಡಬ್ಬಿ, ಒಂದು ಅರಿವಿ, ಅಷ್ಟ.
ಹೋಗ್ರಿ ಅಂದೆ. ಹೋಗಲಿಲ್ಲ.
ಪ್ಯಾಂಟಿನ ಕಿಸೆದಾಗ ಕೈ ಹಾಕಿ, ಸಾಲಿ ಹುಡುಗನಂಗ,
ಹಿಡಿಯಷ್ಟು ಕರೇ ಕಲ್ಲು ತಗದು ಕೊಟ್ಟರು.

ಬೆಚ್ಚಗಿತ್ತು.
ಟೆಂಪೋ ಹೋಗೋ ತನಕ ಕೈಯಾಗ ಹಿಡಕೊಂಡ ನಿಂತಿದ್ದೆ.