ಮೂರನೇ ಕೂಗು

ನೇರಳೆ ಮುಚ್ಚಳದ ಕೊಳವೆ, ಮೂರು ಸಲ:
ಆಪರೇಷನ್ನಿನ ಹಿಂದಿನ ಸಂಜೆ,
ಮಾರನೆಯ ಬೆಳಗು, ಅದರ ಮಾರನೆಯ ಬೆಳಗು.
ಕೋಲಾರದ ಈ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ
ಮುಖಕ್ಕಿಂತ ಮೊದಲು ಮೊಣಕೈ ಮಡಿಕೆ ನೋಡುವವಳು ನಾನು.

ಪಿಳ್ಳಪ್ಪನವರ ನರ ಹಗ್ಗದ ಹಾಗಿತ್ತು.
"ತಗೋಮ್ಮ, ಎಷ್ಟು ಬೇಕೋ ತಗೋ.
ಮಂಡೀಲಿ ನಲವತ್ತು ವರ್ಷ ಟೊಮೇಟೊ ಕೂಗಿದೋನು,
ಕೆಂಪು ಕಂಡರೆ ದರ ಹೇಳಿಬಿಡ್ತೀನಿ."
ಕೊಳವೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ,
"ಫಸ್ಟ್ ಕ್ವಾಲಿಟಿ."

ಸೊಸೆ ಗಂಗುಲಮ್ಮ ಬಾಗಿಲ ಆಚೆ ಕರೆದಳು:
"ಈ ನಡುವೆ ಐದರ ನಾಣ್ಯ ಹಿಡಿದು
ಹತ್ತು ಅಂತಾರೆ ಕಣಕ್ಕ. ಇದನ್ನೂ ಬರ್ಕೊಳ್ತೀರಾ?"
ನನ್ನ ಹಾಳೆಯಲ್ಲಿ ವಯಸ್ಸು, ತೂಕ, ಸಕ್ಕರೆ, ಬಿಪಿ.
ಚಿಲ್ಲರೆಗೆ ಮನೆ ಇರಲಿಲ್ಲ.

ಸೋಮವಾರ ನಾಲ್ಕು ಗಂಟೆ ಪೂರ್ತಿ ಮಂಪರು.
ಕರುಳಿನ ಗಂಟು ಹೊರಗೆ. ಎಲ್ಲ ಸಲೀಸು.

ಎರಡನೆಯ ರಾತ್ರಿ, ಎರಡೂಕಾಲು,
ವಾರ್ಡಿನಲ್ಲಿ ಮಂಡಿ ತೆರೆಯಿತು.
ಎದ್ದು ಕೂತ ಪಿಳ್ಳಪ್ಪ ಹದಿನಾಲ್ಕು ಮಂಚಗಳನ್ನು
ಮಲಗಿದ್ದವರ ಸಮೇತ ಹರಾಜಿಗಿಟ್ಟರು:
"ಇನ್ನೂರೈವತ್ತು! ಅರವತ್ತು! ಯಾರ್ರೀ ಮೂಲೇಲಿ, ಎಪ್ಪತ್ತು!
ಕಾಯಿ ಇದೆ, ದೋರಗಾಯಿ ಇದೆ,
ಒಳಗೆ ಕೊಳೆತದ್ದೇ ಮೇಲೆ ಹೊಳೆಯೋದು, ನೋಡ್ಕೊಂಡು ಕೇಳಿ!"
ಹರ್ನಿಯಾದ ಹುಡುಗ ನಗಲಾರದೆ ಹೊಲಿಗೆ ಹಿಡಿದುಕೊಂಡ.
ನರ್ಸ್ ಎಸ್ತರ್ ಡೆಲ್ಲಿ ಪಾರ್ಟಿಯಾಗಿ
ಹಳೇ ಬಾಕಿಗೆ ಬೈಸಿಕೊಂಡಳು.
"ಒಕಟೋ ಸಾರಿ... ರೆಂಡೋ ಸಾರಿ..."

ಮೂರನೆಯದು ಬರಲಿಲ್ಲ.
ಕೈ ಎತ್ತಿದ್ದು ಎತ್ತಿದ ಹಾಗೇ,
ಡ್ರಿಪ್ಪಿನ ನಳಿಕೆ ಬಿಗಿದು, ಯಾರನ್ನೋ ಕಾದರು.
ಮತ್ತೆ ಇನ್ನೂರೈವತ್ತರಿಂದ.

ಗಂಗುಲಮ್ಮ ಕನ್ನಡಕ ಹಾಕಿದಳು, ಗಡಿಯಾರ ತೋರಿಸಿದಳು.
"ಮಾವ, ಇದು ಆಸ್ಪತ್ರೆ. ಬುಧವಾರ."
"ಬುಧವಾರ ಮಂಡಿಗೆ ರಜ ಇಲ್ಲ."
ಅದೊಂದು ಸರಿಯಾಗಿತ್ತು.

ನಮ್ಮ ಮಾತಿನಲ್ಲಿ ಎರಡಕ್ಕೂ ನರ ಅಂತಲೇ ಹೆಸರು:
ನನ್ನ ಸೂಜಿ ಹೋಗುವುದು, ನೋವು ಬರುವುದು.
ತಲೆಯೊಳಗಿನ ನರದ ಎಳೆ ನವೆದು ಹರಿದರೆ
ಅದರ ಪುಡಿ ಈ ನರಕ್ಕೆ ಇಳಿಯುತ್ತದಂತೆ, ಎಣಿಸಬಹುದಂತೆ.
ನಾನು ಸುತ್ತಿಸಿ, ಮೇಲೆ ನಿಂತ ಒಣಹುಲ್ಲಿನ ಬಣ್ಣದ ನೀರು ಹೀರಿ,
ಮೈನಸ್ ಎಂಬತ್ತರಲ್ಲಿಟ್ಟೆ.
ಅಷ್ಟು ಗದ್ದಲದ ರಾತ್ರಿ
ಬಟಾಣಿಯಷ್ಟು ಮಂಜಾಗಿ ಕೂತಿತು.

ನಾಲ್ಕು ತಿಂಗಳಾದ ಮೇಲೆ ಅಂಕಿ ಬಂತು:
ಮೂವತ್ತೆಂಟು. ಎಪ್ಪತ್ತೊಂದು. ನೂರಾ ಹತ್ತು.
ಓದುತ್ತಾ ನನ್ನ ದನಿ ತಾನೇ ಏರಿತು, ಕೂಗುವವರ ಹಾಗೆ.
"ಮೊದಲ ಸಂಜೆಯದೇ ಸ್ವಲ್ಪ ಜಾಸ್ತಿ" ಅಂದರು ಡಾಕ್ಟರು.
"ಆದರೆ ಒಬ್ಬರಿಂದ ಏನೂ ಹೇಳಕ್ಕಾಗಲ್ಲ. ಇನ್ನೂ ನೂರಾ ಅರವತ್ತು ಜನ ಬೇಕು."
ಸರಿ. ನನಗೆ ಐದರ ನಾಣ್ಯ ನೆನಪಾಯಿತು.

ತಪಾಸಣೆಗೆ ಬಂದವರು ಕ್ಯಾಂಟೀನಿನ ಹತ್ತಿರ ಸಿಕ್ಕರು.
ತೆಳ್ಳಗಾಗಿದ್ದರು, ಶರ್ಟು ಇಸ್ತ್ರಿಯಾಗಿತ್ತು.
ನೆಲ ನೋಡುತ್ತಾ ಕೇಳಿದರು:
"ಅವತ್ತು ರಾತ್ರಿ ನಾನು ಯಾರ ಮಾಲನ್ನಾದರೂ
ಕಡಿಮೆಗೆ ಬಿಟ್ಟುಬಿಟ್ಟೆನಾಮ್ಮ?"
"ಇಲ್ಲ. ಮೂರನೇ ಕೂಗು ನೀವು ಕೂಗಲೇ ಇಲ್ಲ."
ದೊಡ್ಡ ಉಸಿರು ಬಿಟ್ಟರು.

ಆಮೇಲೆ, ಟೀ ನನ್ನದು ಎಂದು ಹಟ ಹಿಡಿದು
ಜೇಬಿನಿಂದ ಚಿಲ್ಲರೆ ತೆಗೆದು ಅಂಗೈಯಲ್ಲಿ ಹರಡಿದರು.
ಗಂಗುಲಮ್ಮ ಬೋರ್ಡು ಓದುತ್ತಿದ್ದಳು,
ನಾನು ಲೋಟ ನೋಡುತ್ತಿದ್ದೆ.
ಇಬ್ಬರಿಗೂ ಆ ಅಂಗೈಯಲ್ಲೇ ಕಣ್ಣು.